ಕೆಸರಿನಲ್ಲಿ ಮೂಡಿದ ಹೆಜ್ಜೆ

ಕೆರೆಯ ದಡದಲ್ಲಿ ಒಬ್ಬ ಕೊಕ್ಕರೆ ವೈದ್ಯನಿದ್ದ. ಮರಿಗಳನ್ನು ಹಸಿ ಕೆಸರಿನ ಮೇಲೆ ನಡೆಸಿ, ಯಾವ ಕಾಲು ಎಷ್ಟು ಒತ್ತಿದೆಯೆಂದು ಕೊಕ್ಕು ಇಳಿಸಿ ಅಳೆಯುತ್ತಿದ್ದ. ಒಂದು ದಿನ ಬಾತುಕೋಳಿ ಚೆಲುವಕ್ಕ ತನ್ನ ಮರಿಯನ್ನು ಕರೆತಂದಳು. ಅದು ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ನಾಲ್ಕು ಜನರೆದುರು ಮಾನ ಹೋದೀತೆಂದು ಅವಳಿಗೆ ಅಳುಕು.

“ಎದೆ ಎತ್ತು! ಬಾಲ ಆಡಿಸಬೇಡ! ಕಾಲು ನೇರ ಇಡು!” ಎಂದು ಅವಳು ದಡದಿಂದಲೇ ಕೂಗಿದಳು. ಮರಿ ಮರಗಾಲು ಕಟ್ಟಿಕೊಂಡಂತೆ ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿತು.

ಕೊಕ್ಕರೆ ಅಳೆದು ನಿಟ್ಟುಸಿರು ಬಿಟ್ಟ. “ಎಡಗಾಲು ಹೂತುಹೋಗಿದೆ, ಬಲಗಾಲು ನೆಲಕ್ಕೆ ತಾಕಿಯೇ ಇಲ್ಲ. ಇದು ದೊಡ್ಡ ಕಾಯಿಲೆ.”

ಚೆಲುವಕ್ಕ ಕೂಗುವುದನ್ನು ಬಿಟ್ಟು, ಬಗ್ಗಿ ಆ ಹೆಜ್ಜೆಗಳನ್ನೇ ನೋಡತೊಡಗಿದಳು. ಅಷ್ಟರಲ್ಲಿ ಆಚೆ ಒಂದು ಎರೆಹುಳು ತಲೆ ಎತ್ತಿತು. ಅಮ್ಮ ಸುಮ್ಮನಾದದ್ದೇ ತಡ, ಮರಿ ಬಾಲ ಕುಣಿಸುತ್ತ ತಪತಪನೆ ನಡೆದುಹೋಗಿ ಅದನ್ನು ನುಂಗಿತು.

ಕೊಕ್ಕರೆ ತಗ್ಗಿಸಿದ ತಲೆ ಎತ್ತದೆ ಹೊಸ ಹೆಜ್ಜೆಗಳನ್ನೂ ಅಳೆದ. “ಆಹಾ, ಎರಡು ಕಾಲೂ ಸರಿಸಮ! ಇದು ಯಾರ ಮಗು?”

“ನನ್ನದೇ, ಸ್ವಾಮಿ.”

“ಹಾಗಾದರೆ ಮೊದಲು ನಡೆದದ್ದು?”

“ಅದೂ ಇದೇ. ಆಗ ನಾನು ಹೇಳಿಕೊಡುತ್ತಿದ್ದೆ, ಅಷ್ಟೇ.”

“ಸರಿ ತಾಯಿ, ಈಗ ತಿಳಿಯಿತು” ಎಂದ ಕೊಕ್ಕರೆ. “ಮೊದಲು ನಡೆದದ್ದು ನೀವು. ಕಾಲು ಮಾತ್ರ ಮಗುವಿನದು.”