ಹೊಳೆಯಾಚೆಯ ಕ್ರೇನು

ಹೊಳೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ನಿರುಪಾದಿ ಅಜ್ಜ, ಅವರ ಶಿಷ್ಯ ನಿಜಗುಣ. ದಾಸೋಹಕ್ಕೆ ಬಂದು ಉಂಡು ಹೋಗುವವರನ್ನು ಬಿಟ್ಟರೆ ಇಬ್ಬರೇ.

ಆಚೆ ದಂಡೆಯಲ್ಲಿ ಸೇತುವೆ ಕಟ್ಟುತ್ತಿದ್ದರು. ಬೆಳಗಾದರೆ ಸಾಕು, ಗುಡುಗುಡು ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಅಜ್ಜನ ಮೊಣಕಾಲು ಕೈಕೊಟ್ಟು ಬಹಳ ಕಾಲವಾಗಿತ್ತು. ದೂರದ್ದು ಕಣ್ಣಿಗೆ ಮಬ್ಬು. ಹತ್ತಿರದ್ದಾದರೆ ಜೋಳದೊಳಗಿನ ಹುಳವನ್ನೂ ಬಿಡುತ್ತಿರಲಿಲ್ಲ.

“ಅದೇನು ಸಪ್ಪಳ, ತಮ್ಮಾ?”

“ಕ್ರೇನ್ರಿ ಅಜ್ಜಾರ.”

“ಎಷ್ಟು ದೊಡ್ಡದೈತಿ?”

“ಇನ್ನೂರೈವತ್ತು ಟನ್ ಎತ್ತತೈತಂತ್ರಿ.”

“ಅದು ಅದರ ಕೆಲಸಾತು. ಎಷ್ಟು ದೊಡ್ಡದೈತಿ?”

“ಆನಿಗಿಂತ ದೊಡ್ಡದೈತ್ರಿ.”

“ನೀ ಆನಿ ನೋಡೀಯೇನು?”

ನಿಜಗುಣ ಆನೆಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ. ಅಜ್ಜ ಬಾಯಿತುಂಬ ನಕ್ಕರು.

ಅಜ್ಜನಿಗೆ ತಿಳಿಯುವ ಚಪಲ ಬಹಳ. ಒಮ್ಮೆ ಊಟಕ್ಕೆ ಬಂದಿದ್ದ ಬಸ್ ಕಂಡಕ್ಟರನನ್ನು ಕೂರಿಸಿಕೊಂಡು, ದಿನವೆಲ್ಲ ನಿಂತರೆ ಯಾವ ಕಾಲು ಮೊದಲು ನೋಯುತ್ತದೆ ಎಂದು ಅರ್ಧ ತಾಸು ವಿಚಾರಿಸಿದ್ದರು. ಎಂಬತ್ತು ದಾಟಿದ ಮೇಲೂ ಲೋಕ ಹಳತಾಗದವರು ಅಪರೂಪ. ಅಜ್ಜ ಅಂಥವರು.

ನಿಜಗುಣನ ಚಿಂತೆ ಬೇರೆ. ಅವನಿಗೆ ಕಾವಿ ಬೇಕಿತ್ತು.

ಎಂಟು ವರ್ಷ ನೀರು ಹೊತ್ತಿದ್ದ, ಹಿಟ್ಟು ನಾದಿದ್ದ, ಅಜ್ಜನ ಕಾಲು ಒತ್ತಿದ್ದ. ಅವನ ನಂತರ ಬೇರೆ ಆಶ್ರಮಗಳಿಗೆ ಸೇರಿದವರು ಆಗಲೇ ಕಾವಿಯುಟ್ಟು ಪ್ರವಚನ ಹೇಳುತ್ತಿದ್ದರು. ಇವನು ಮಾತ್ರ ಇನ್ನೂ ಬಿಳಿ ಪಂಚೆಯಲ್ಲೇ ಇದ್ದ. ಅಜ್ಜ ಒಂದು ದಿನ ಕಣ್ಣು ಮುಚ್ಚಿದರೆ ತಾನು ಯಾರೂ ಅಲ್ಲದವನಾಗಿ ಉಳಿಯುತ್ತೇನೆ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

“ಅಜ್ಜಾರ, ಎಂಟು ವರ್ಷಾತ್ರಿ.”

“ಹೌದೇನು? ಎಂಟಾತೇನು?” ಎನ್ನುತ್ತಿದ್ದರು ಅಜ್ಜ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹೀಗಿರುವಾಗ ಸೇತುವೆಯ ಇಂಜಿನಿಯರ್ ಪ್ರಫುಲ್ಲಾ ದಾಸೋಹಕ್ಕೆ ಬಂದವಳು ಒಂದು ಕೈಬರಹದ ಚೀಟಿಯನ್ನು ಬಾಗಿಲಿಗೆ ಅಂಟಿಸಿದಳು. ಮೈಸೂರು ಕಡೆಯ ಹುಡುಗಿ, ಫೋಟೋ ಎಂದರೆ ಪ್ರಾಣ. ಕ್ಯಾಂಪಿನಲ್ಲಿ ಒಂದು ಸ್ಪರ್ಧೆ ಇಟ್ಟಿದ್ದಳು. ವಿಷಯ: ದೊಡ್ಡ ಯಂತ್ರಗಳು.

“ಕ್ಯಾಮೆರಾದಿಂದ ಹೊಟ್ಟೆ ಹೊರೆಯೋರು ಬರಂಗಿಲ್ಲ ಅಜ್ಜ. ಸುಮ್ಮನೆ ಖುಷಿಗೆ. ಪ್ರಿಂಟು ನಾನೇ ತೆಗೆದುಕೊಡ್ತೀನಿ.”

“ಯಾರದು ಚೊಲೋ ಅಂತ ಹೇಳಾವ್ರು ಯಾರವ್ವಾ?”

“ಆ ಯಂತ್ರ ಓಡಿಸೋರೇ. ಒಬ್ಬೊಬ್ಬರಿಗೆ ಒಂದೊಂದು ನಟ್ಟು ಕೊಡ್ತೀನಿ. ಹಿಡಿಸಿದ ಫೋಟೋದ ಕೆಳಗಿನ ಡಬ್ಬಿಗೆ ಹಾಕ್ತಾರೆ. ಗೆದ್ದೋರಿಗೆ ಎಲ್ಲರೂ ಸಹಿ ಮಾಡಿರೋ ಹಳದಿ ಹೆಲ್ಮೆಟ್ಟು.”

ಅಜ್ಜನ ಕಣ್ಣು ಅರಳಿತು. ಯಾರೋ ಭಕ್ತರು ಹೊಸದನ್ನು ಕೊಂಡು ಹಳೆಯ ಕ್ಯಾಮೆರಾವನ್ನು ಆಶ್ರಮಕ್ಕೆ ಬಿಟ್ಟುಹೋಗಿದ್ದರು. ದಾಸೋಹದ ದಿನಗಳಲ್ಲಿ ನಿಜಗುಣ ಅದರಿಂದ ಫೋಟೋ ತೆಗೆಯುತ್ತಿದ್ದ.

“ತಮ್ಮಾ, ನೀನೂ ಸೇರ್ಕೋ. ಆ ಕ್ರೇನು ಎಷ್ಟು ದೊಡ್ಡದೈತಿ ಅಂತ ನನಗ ಕಾಣಿಸು. ನಿನ್ನ ಕಾವಿ ಮಾತು ಆಮ್ಯಾಲೆ ನೋಡೂಣು.”

ಅಜ್ಜ ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ದೇವರೇ ಬಲ್ಲ. ನಿಜಗುಣ ನಿಜವೆಂದೇ ಹಿಡಿದ. ಮರುದಿನ ಮುಂಜಾನೆಯ ಮೊದಲ ಹರಿಗೋಲಿಗೇ ಹತ್ತಿ ಕುಳಿತ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆಚೆ ದಂಡೆಯಲ್ಲಿ ಕ್ರೇನು ನಿಂತಿತ್ತು. ಅದನ್ನು ಓಡಿಸುವವನು ಅದರ ಮುಂದೆ ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

“ಫೋಟೋಕ್ಕ ಬಂದೀರೇನ್ರಿ? ಎಲ್ಲಿ ನಿಂದ್ರಲಿ?”

“ನೀವು ಬ್ಯಾಡ್ರಿ. ಸ್ವಲ್ಪ ಆ ಕಡೆ ಸರೀರಿ. ಯಂತ್ರ ಒಂದೇ ಬೇಕು.”

ಆತ ಹೋಗಿ ಸಿಮೆಂಟ್ ಕೊಳವೆಯ ನೆರಳಿನಲ್ಲಿ ಕುಳಿತ. ನಿಜಗುಣ ಬುಟ್ಟಿ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರನ್ನೂ ಸರಿಸಿದ. ನೀರಿನ ಕೊಡವನ್ನು ಎತ್ತಿ ಬದಿಗಿಟ್ಟ. ನಾಯಿಯೊಂದು ತಾನಾಗಿ ಎದ್ದು ಹೋಗುವ ತನಕ ಕಾದ. ಆಮೇಲೆ ಫೋಟೋ ತೆಗೆದ.

ಪ್ರಫುಲ್ಲಾ ತೆಗೆದುಕೊಟ್ಟ ಪ್ರಿಂಟನ್ನು ಅಜ್ಜ ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಚೊಲೋ ಐತಿ. ಯಾವ ಕೂಸಿಗೆ ತಂದಿ ಇದನ್ನ?”

“ಆಟಿಗಿ ಅಲ್ರಿ ಅಜ್ಜಾರ. ಅದೇ ಕ್ರೇನು.”

“ಹೌದೇನು? ಅಂಗೈಯಾಗ ಕುಂದರೂ ಹಂಗ ಐತಲ್ಲ.”

ನಿಜಗುಣ ಮತ್ತೆ ಹೊಳೆ ದಾಟಿದ. ಈ ಸಲ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಕ್ರೇನಿನ ಬುಡದಿಂದ ಮೇಲಕ್ಕೆ ಹಿಡಿದ. ಕಬ್ಬಿಣವೆಲ್ಲ ಆಕಾಶಕ್ಕೆ ಏರಿ ನಿಂತಿತ್ತು. ಗೆದ್ದೆ ಎಂದುಕೊಂಡ.

ಅಜ್ಜ ನೋಡಿದರು. “ಪಾಪ, ಆಕಾಶ ಎಷ್ಟು ಸಣ್ಣದಾಗೈತಿ” ಎಂದರು. “ಕ್ರೇನು ಎಷ್ಟು ದೊಡ್ಡದೈತಿ ಅಂದ್ಯಾ?”

ನಿಜಗುಣನಿಗೆ ಸಿಟ್ಟು ನೆತ್ತಿಗೇರಿತು. ಎಂಟು ವರ್ಷದಲ್ಲಿ ಎಂದೂ ಎದುರಾಡಿದವನಲ್ಲ.

“ಕಾವಿ ಕೊಡೂದಿಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ ಅಜ್ಜಾರ. ಹಿಂಗ ಆಟ ಆಡಸಬ್ಯಾಡ್ರಿ.”

ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಇನ್ನೂ ಕುತೂಹಲವೇ ಇತ್ತು.

“ಅದಕ್ಕ ಗಾಲಿ ಅದಾವೇನು?”

“ಇಲ್ರಿ. ಬುಲ್ಡೋಜರಿಗಿದ್ದಂಗ ಕಬ್ಬಿಣದ ಪಟ್ಟಾ ಐತ್ರಿ, ಅದರ ಮ್ಯಾಲೇ ಹರೀತೈತಿ.”

“ಆ ಪಟ್ಟಾದ ಬಾಜೂಕ ನೀ ನಿಂತ್ರ, ಅದು ನಿನಗ ಎಲ್ಲಿತನಕ ಬರತೈತಿ?”

“ಎದಿತನಕ... ಅಲ್ರಿ, ಕಿವಿ ಮುಟ್ಟತೈತಿ...” ಎನ್ನುತ್ತ ನಿಜಗುಣ ಅಲ್ಲೇ ಮಾತು ನಿಲ್ಲಿಸಿದ. ಸಿಟ್ಟು ಇಳಿಯಿತು. ಕ್ಯಾಮೆರಾ ತೆಗೆದುಕೊಂಡು ಓಡಿದ.

ಆಪರೇಟರ್ ಕೆಲಸದ ನಡುವೆ ಇದ್ದ. ಮೈಮೇಲೆ ಗ್ರೀಸ್ ಮೆತ್ತಿದ ಅಂಗಿ.

“ಇಲ್ಲಿ ಬರ್ರಿ, ಪಟ್ಟಾದ ಹಂತೇಕ ನಿಂದ್ರಿ.”

ಆತನ ಮುಖ ಅರಳಿತು. “ತಡೀರಿ, ಅಂಗಿ ಬದಲಿಸಿ ಬರ್ತೀನಿ.”

“ಬ್ಯಾಡ್ರಿ. ಇಷ್ಟು ದೂರದಿಂದ ಅಂಗಿ ಯಾರಿಗೆ ಕಾಣತೈತಿ? ನೆಟ್ಟಗ ನಿಂದ್ರಿ. ಅಲುಗಾಡಬ್ಯಾಡ್ರಿ.”

ಆತ ನೆಟ್ಟಗೆ ನಿಂತ.

ಸ್ಪರ್ಧೆಗೆ ಒಂದು ಪ್ರತಿ ಇಟ್ಟುಕೊಂಡು ಪ್ರಫುಲ್ಲಾ ಕೊಟ್ಟ ಪ್ರಿಂಟನ್ನು ಅಜ್ಜ ಬಹಳ ಹೊತ್ತು ನೋಡಿದರು. ಅಷ್ಟೆತ್ತರದ ಕಬ್ಬಿಣ. ಅದರ ಬುಡದಲ್ಲಿ ಬೆರಳಿನ ಉಗುರಿನಷ್ಟು ಮನುಷ್ಯ.

“ಅಬಬಬಾ” ಎಂದರು ಮೆಲ್ಲಗೆ. “ಇದು ದೊಡ್ಡದು ತಮ್ಮಾ. ಈಗ ಕಾಣಿಸ್ತು ನೋಡು.”

ನಿಜಗುಣನ ಜೀವ ಹಗುರಾಯಿತು. ಇನ್ನೇನು ಕಾವಿಯ ಮಾತು ಬರುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕುಳಿತ.

“ಇವ ಯಾರು?” ಎಂದರು ಅಜ್ಜ.

“ಆಪರೇಟರ್ರಿ.”

“ಅದು ಅವನ ಕೆಲಸಾತು. ಹೆಸರೇನು?”

“ಕೇಳಲಿಲ್ರಿ. ಅಳತಿಗೆ ಅಂತ ನಿಂದ್ರಿಸಿದ್ದೆ.”

ಅಜ್ಜ ಪ್ರಿಂಟನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ದಿನ ಕಾವಿಯ ಮಾತು ಬರಲೇ ಇಲ್ಲ.

ಮರುದಿನ ಭಾನುವಾರ. ಸಂಜೆ ಆಚೆ ದಂಡೆಯಲ್ಲಿ ಸ್ಪರ್ಧೆ. ಮಧ್ಯಾಹ್ನ ದಾಸೋಹದ ಗಂಟೆ ಬಾರಿಸುವ ಮುನ್ನ ಅಜ್ಜ ಶಿಷ್ಯನನ್ನು ಕರೆದರು.

“ಈ ಹೆಬ್ಬಾಗಿಲು ಎಷ್ಟು ಎತ್ತರ ಐತಿ ಅಂತ ನೋಡಬೇಕಾಗೈತಿ. ಅದರ ಬಾಜೂಕ ನಿಂದರು.”

ನಿಜಗುಣ ಹೋಗಿ ನಿಂತ.

“ನೆಟ್ಟಗ ನಿಂದರು. ಅಲುಗಾಡಬ್ಯಾಡ.”

ಅಜ್ಜ ಒಳಗೆ ಹೋದರು. ಗಂಟೆ ಬಾರಿಸಿದರು. ಜನ ಬಂದರು, ಅವನ ಪಕ್ಕದಿಂದಲೇ ಒಳಗೆ ನಡೆದರು. ನುಚ್ಚಿನ ಘಮ, ಪುಂಡಿಪಲ್ಯದ ಘಮ ಹೊರಗೆ ಬಂತು. ಬಿಸಿಲು ನೆತ್ತಿ ಸುಡುತ್ತಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು.

ಮುದುಕಿಯೊಬ್ಬಳು ನಿಂತಳು. “ಯಾಕಪಾ ಇಲ್ಲಿ ನಿಂತಿ? ಉಣ್ಣಾಕ ಬಾ.”

ಒಳಗಿನಿಂದ ಅಜ್ಜನ ದನಿ ಬಂತು. “ಅವನ್ನ ಮಾತಾಡಸಬ್ಯಾಡವ್ವಾ. ಅಳತಿಗೆ ನಿಂದ್ರಿಸೀನಿ.”

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಬಾಗಿಲನ್ನು ನೋಡಿ, ಒಳಗೆ ಹೋದಳು. ನಂತರ ಬಂದವರೂ ಹಾಗೆಯೇ ಬಾಗಿಲನ್ನು ನೋಡಿಕೊಂಡು ಹೋದರು. ನಿಜಗುಣನಿಗೆ ನಾಚಿಕೆಯಾಯಿತು, ಅಳು ಬಂತು. ಹಸಿವನ್ನು ಹೇಗೋ ತಡೆಯಬಹುದಿತ್ತು. ದಿನಾ ತನ್ನ ಕೈಯಿಂದಲೇ ಉಣ್ಣುವ ಜನ, ಅವರಲ್ಲಿ ಒಬ್ಬರೂ ಹೆಸರು ಹಿಡಿದು ಕರೆಯಲಿಲ್ಲ ಎಂಬುದನ್ನು ತಡೆಯಲಾಗಲಿಲ್ಲ.

ಎಲ್ಲರ ಊಟ ಮುಗಿದ ಮೇಲೆ ಅಜ್ಜ ಕೋಲೂರಿಕೊಂಡು ಬಂದರು.

“ಬಾಗಿಲು ಎತ್ತರನೇ ಐತಿ. ಹೋಗು, ಉಣ್ಣು.”

ನಿಜಗುಣ ಉಣ್ಣಲಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹರಿಗೋಲಿನ ಕಡೆ ನಡೆದ. ಎಲ್ಲಿಗೆ ಎಂದು ಅಜ್ಜ ಕೇಳಲಿಲ್ಲ.

ಆಚೆ ದಂಡೆಯಲ್ಲಿ ಟಾರ್ಪಾಲಿನ ಕೆಳಗೆ ಹಗ್ಗ ಕಟ್ಟಿ ಫೋಟೋಗಳನ್ನು ತೂಗುಹಾಕಿದ್ದರು. ಒಂದೊಂದರ ಕೆಳಗೆ ಒಂದೊಂದು ಖಾಲಿ ಪೇಂಟ್ ಡಬ್ಬಿ. ಕೈಯಲ್ಲಿ ನಟ್ಟು ಹಿಡಿದ ಆಪರೇಟರುಗಳು ಹೆಣ್ಣು ನೋಡಲು ಬಂದವರ ಹಾಗೆ ಗಂಭೀರವಾಗಿ ತಿರುಗುತ್ತಿದ್ದರು. ಕ್ಯಾಂಪಿನ ಅಡುಗೆಯವಳು ತೆಗೆದ ಫೋಟೋದ ಮುಂದೆ ಮಾತ್ರ ನಗುವೋ ನಗು. ಕ್ರೇನಿನ ಸರಪಳಿಗೆ ಯಾರೋ ಒಣಹಾಕಿದ್ದ ಚಡ್ಡಿಯನ್ನು ಆಕೆ ಬಿಟ್ಟಿರಲಿಲ್ಲ.

ನಿಜಗುಣ ತನ್ನ ಫೋಟೋದ ಹತ್ತಿರ ಹೋಗಲಿಲ್ಲ. ಅವನು ಹುಡುಕುತ್ತಿದ್ದವನು ಆ ಗುಂಪಿನಲ್ಲಿ ಇರಲಿಲ್ಲ. ಕ್ರೇನಿನ ಬಳಿ ಒಬ್ಬನೇ ಕುಳಿತು ಪಟ್ಟಾಕ್ಕೆ ಗ್ರೀಸ್ ಹಚ್ಚುತ್ತಿದ್ದ.

“ನಿಮ್ಮ ಹೆಸರೇನ್ರಿ?”

ಆತ ತಲೆಯೆತ್ತಿದ. “ಯಾಕ್ರಿ, ಫೋಟೋದ ಕೆಳಗ ಬರೀಬೇಕೇನು?”

“ಇಲ್ರಿ. ಕೇಳಿದ್ದಿಲ್ಲ, ಅದಕ್ಕ ಬಂದೆ. ತಪ್ಪಾತ್ರಿ ನಂದು.”

“ಲಾಲೇಸಾಬ” ಎಂದ ಆತ. “ಮುದ್ದೇಬಿಹಾಳ ಕಡೆಯಾಂವ.”

“ನಾ ನಿಜಗುಣ. ಅವತ್ತು ನೀವು ನೀಲಿ ಅಂಗಿ ಹಾಕ್ಕೊಂಡು ಬಂದಿದ್ರಿ.”

ಲಾಲೇಸಾಬ ಕೈಯ ಗ್ರೀಸ್ ಒರೆಸಿಕೊಂಡ. ಆಮೇಲೆ ಹೇಳಿದ.

“ಮೇಡಂ ದಪ್ಪ ಕಾಗದದ ಮ್ಯಾಲೆ ಪ್ರಿಂಟ್ ಕೊಡ್ತಾರಂತ ಕೇಳಿದ್ದೆ. ನಮ್ಮವ್ವಗ ಕಳಸಬೇಕಾಗಿತ್ರಿ. ಆಕಿ ಕಡೆ ಬಟನ್ ಫೋನು, ಅದರಾಗ ಫೋಟೋ ಬರೂದಿಲ್ಲ. ಸೊರಗೀಯೇನು, ಸೊರಗೀಯೇನು ಅಂತ ದಿನಾ ಕೇಳ್ತಾಳ. ಎರಡು ವರ್ಷಾತು ಊರಿಗೆ ಹೋಗಿಲ್ಲ.”

“ಈಗ ತೆಗಿತೀನ್ರಿ. ಕ್ರೇನಿನ ಮುಂದ ನಿಂದ್ರತೀರೇನು?”

“ಅದು ಬ್ಯಾಡ್ರಿ. ಅದು ಒಂಚೂರೂ ಕಾಣಬಾರದು. ಅವ್ವಗ ಸಣ್ಣ ಗಾಡಿ ಹೊಡಿತೀನಿ ಅಂತ ಹೇಳೀನಿ. ಇದನ್ನ ನೋಡಿದ್ರ ಅನ್ನಾ ಬಿಡ್ತಾಳ.”

ನಿಜಗುಣ ನಕ್ಕ. ಲಾಲೇಸಾಬನೂ ನಕ್ಕ. ಹೋಗಿ ಮುಖ ತೊಳೆದು, ನೀಲಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಹೊಳೆಯ ಕಡೆ ಬೆನ್ನು ಮಾಡಿ ಕಲ್ಲಿನ ಮೇಲೆ ಕುಳಿತ. ಆದರೆ ಕ್ಯಾಮೆರಾ ಕಂಡೊಡನೆ ಮುಖ ಬಿಗಿಯಾಯಿತು.

ನಿಜಗುಣ ಅವಸರ ಮಾಡಲಿಲ್ಲ. ಪಕ್ಕದಲ್ಲೇ ಕುಳಿತು ಕೇಳುತ್ತ ಹೋದ. ಅಷ್ಟು ಎತ್ತರಕ್ಕೆ ತೊಲೆ ಎತ್ತುವಾಗ ಕಣ್ಣು ಎಲ್ಲಿರುತ್ತದೆ? ಗಾಳಿ ಬಂದರೆ ಏನು ಮಾಡುತ್ತೀರಿ? ಮೊದಲ ದಿನ ಕೈ ನಡುಗಿತ್ತೇ? ಲಾಲೇಸಾಬ ಹೇಳುತ್ತ ಹೋದ. ಅತ್ತ ಟಾರ್ಪಾಲಿನ ಕೆಳಗೆ ನಟ್ಟುಗಳು ಟಣ್ ಟಣ್ ಎಂದು ಬೀಳುತ್ತಿದ್ದವು.

“ನಿಮ್ಮವ್ವ ನಿಮಗ ಏನಂತ ಕರೀತಾರ?”

“ಲಾಲ್ಯಾ ಅಂತಾಳ್ರಿ, ಇಷ್ಟು ದೊಡ್ಡಾಂವ ಆದ್ರೂ” ಎಂದು ಲಾಲೇಸಾಬ ನಾಚಿದ. ನಿಜಗುಣ ಆಗ ಫೋಟೋ ತೆಗೆದ.

ಪ್ರಿಂಟ್ ತೆಗೆಯುವಾಗ ಪ್ರಫುಲ್ಲಾ ಹುಬ್ಬೇರಿಸಿದಳು. “ಇದರಲ್ಲಿ ಯಂತ್ರಾನೇ ಇಲ್ವಲ್ಲ?”

“ಇದು ಸ್ಪರ್ಧೆಗಲ್ರಿ. ಮುದ್ದೇಬಿಹಾಳಕ್ಕ ಹೋಗೂದು.”

ಪ್ರಿಂಟನ್ನು ಲಾಲೇಸಾಬನ ಕೈಗೆ ಕೊಡುವಷ್ಟರಲ್ಲಿ ಕೊನೆಯ ಹರಿಗೋಲು ಹೊರಡುತ್ತಿತ್ತು. ಅವನು ಓಡಿ ಹತ್ತಿದ.

ಅಜ್ಜ ದಂಡೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

“ಗೆದ್ದಿ ಏನು?”

“ನೋಡಲಿಲ್ರಿ ಅಜ್ಜಾರ” ಎಂದು ಕ್ಯಾಮೆರಾದ ಸಣ್ಣ ಪರದೆಯಲ್ಲಿ ಆ ಮುಖವನ್ನು ತೋರಿಸಿದ. ಅಜ್ಜ ಅದನ್ನು ಕಣ್ಣಿಗೆ ಹಿಡಿದುಕೊಂಡರು.

“ಲಾಲೇಸಾಬ ಅಂತ್ರಿ. ಅವರವ್ವ ಗಾದಿ ಹೊಲಿತಾಳಂತ. ತೊಲಿ ಎತ್ತೂ ಮುಂದ ಅವ ತೊಲಿ ನೋಡೂದಿಲ್ಲಂತ್ರಿ, ಕೆಳಗ ನಿಂತ ಮಂದಿ ಎಲ್ಲೆಲ್ಲಿ ಅದಾರ ಅಂತ ಅದನ್ನ ಮೊದಲು ನೋಡ್ತಾನಂತ. ಮೊದಲನೇ ದಿನ ಕೈ ನಡುಗಿತ್ತಂತ. ಈಗೂ ನಡಗತೈತಂತ್ರಿ, ಯಾರಿಗೂ ಹೇಳಿಲ್ಲಂತ.”

ಅಜ್ಜ ಒಂದೊಂದಕ್ಕೂ “ಹೌದೇನು, ಹೌದೇನು” ಎನ್ನುತ್ತ ಕೇಳಿದರು. ಹೊಳೆಯ ಮೇಲೆ ಬೆಳಕು ಕುಂದುವ ತನಕ ನಿಜಗುಣ ಹೇಳುತ್ತಲೇ ಇದ್ದ.

“ಮತ್ತ, ನಿಂದೇನೋ ಒಂದು ಕೇಳೂದಿತ್ತಲ್ಲ?”

“ಯಾವುದ್ರಿ?” ಎಂದ ನಿಜಗುಣ. ನೆನಪಿಸಿಕೊಳ್ಳಲು ನೋಡಿದ. ಲಾಲೇಸಾಬ ಒಂದು ದಿನ ಊಟಕ್ಕೆ ಬರಲೇ ಎಂದು ಕೇಳಿದ್ದ. “ಲಾಲೇಸಾಬನ್ನ ಊಟಕ್ಕ ಕರೀಲೇನ್ರಿ?”

“ಕರಿ” ಎಂದು ಅಜ್ಜ ಅವನ ಭುಜ ಹಿಡಿದು ಮೇಲೆದ್ದರು. “ಮಧ್ಯಾಹ್ನದಿಂದ ಕಾವಿಮಣ್ಣಿನ ನೀರಾಗ ಎರಡು ಬಟ್ಟಿ ನೆನಿ ಹಾಕೀನಿ. ಹೋಗಿ ಹಿಂಡಿ ಒಣಗ ಹಾಕು.”