ಕೆಂಚನ ಉಣ್ಣಿ ಬಿಡಿಸಿದ ಚಿಕ್ಕೀರ

ಕೇಳಿ, ನಿಂಗಾಜಮ್ಮನಿಗೆ ಒಬ್ಬ ಮಗ, ಚಿಕ್ಕೀರ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಅವನ ಪ್ರಾಣವೆಲ್ಲ ಮನೆಯೊಳಗಿನ ನಾಯಿ ಕೆಂಚನ ಮೇಲೆ. ಕೆಂಚನ ಮೈತುಂಬ ಉಣ್ಣಿ.

ಗಂಡನ ಮನೆಯಲ್ಲಿದ್ದ ಅವನ ತಂಗಿ ರತ್ನಿ ಅವ್ವನಿಗೆ ಹೇಳಿಕಳಿಸಿದಳು: "ಶುಕ್ರವಾರ ಕೂಸಿನ ಜೊತೆ ಬರ್ತೀನಿ. ಒಂದೇ ಒಂದು ಉಣ್ಣಿ ಕಂಡರೂ ನಾಯಿ ಬೀದಿಗೆ!"

ಚಿಕ್ಕೀರ ಗೋಳೋ ಅಂದ.

"ಅಳಬೇಡ್ವೋ. ಉಣ್ಣಿ ಆರಿಸಿ ಬಾಗಿಲಾಚೆ ಹಾಕು," ಅಂದಳು ನಿಂಗಾಜಮ್ಮ.

ಆರಿಸಿದ. ಬಾಗಿಲಾಚೆ ಕಾಲೊರೆಸುವ ಗೋಣಿಯ ಮೇಲೆ ಸಾಲಾಗಿ ಇಟ್ಟ. ಕೆಂಚ ಹೋಗಿ ಅದರ ಮೇಲೇ ಹೊರಳಾಡಿತು.

"ಅಯ್ಯೋ ಮಂಕೇ! ಉಪ್ಪುನೀರಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗೀಬೇಕು!"

"ಇನ್ನೊಂದ್ಸಲ ಹಾಗೇ ಮಾಡ್ತೀನವ್ವ!"

ಮಂಗಳವಾರ ನಾಯಿ ಡಾಕ್ಟರು ಉಣ್ಣಿಯ ಔಷಧಿ ಕೊಟ್ಟರು. ಚಿಕ್ಕೀರ ಮನೆಗೆ ತಂದ. ಉಪ್ಪುನೀರಿನ ಡಬ್ಬಿಗೆ ಸುರಿದ. ಮುಚ್ಚಳ ಬಿಗಿದ.

"ಅಯ್ಯೋ ದಡ್ಡ ಶಿಖಾಮಣಿ! ಕತ್ತಿನ ಹಿಂದೆ ಕೂದಲು ಸರಿಸಿ, ನಾಲಿಗೆಗೆ ಎಟುಕದ ಹಾಗೆ ಹನಿಹನಿಯಾಗಿ ಬಿಡಬೇಕು!"

"ಇನ್ನೊಂದ್ಸಲ ಹಾಗೇ ಮಾಡ್ತೀನವ್ವ!"

ಬುಧವಾರ ಬೆಳಿಗ್ಗೆ ನಿಂಗಾಜಮ್ಮ ಅಂದಳು: "ಕೆಂಚನಿಗೆ ರಾಗಿ ಗಂಜಿ ಕೊಡೋ."

ಚಿಕ್ಕೀರ ಕೆಂಚನ ಕತ್ತಿನ ಹಿಂದೆ ಕೂದಲು ಸರಿಸಿದ. ಗಂಜಿ ಹನಿಹನಿಯಾಗಿ ಬಿಟ್ಟ. ನಾಲಿಗೆಗೆ ಎಟುಕಲಿಲ್ಲ. ಕೆಂಚ ನೆಕ್ಕಲು ಹೋಗಿ ಗಿರಗಿರ ತಿರುಗಿತು. ಉಣ್ಣಿಯ ಜೊತೆಗೆ ಇರುವೆಯೂ ಬಂತು!

ನಿಂಗಾಜಮ್ಮ ತಲೆ ಚಚ್ಚಿಕೊಂಡಳು. ತಾನೇ ಹೋಗಿ ಬೇರೆ ಔಷಧಿ ತಂದಳು. ಕೆಂಚನ ಕತ್ತು ಒರೆಸಿ, ಒಣಗಿದ ಮೇಲೆ ತಾನೇ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಅಂದಳು: "ಉಣ್ಣಿ ಮರಿ ಹಾಸಿಗೇಲೂ ಇರ್ತವೆ. ಕೆಂಚ ಎಲ್ಲೆಲ್ಲಿ ಮಲಗ್ತಾನೋ ಅದನ್ನೆಲ್ಲ ಬಿಸಿನೀರಿಗೆ ಅದ್ದಿ ಮಾಳಿಗೆ ಮೇಲೆ ಹರವು. ಎರಡೂ ಕಡೆ ಒಣಗೋ ತನಕ ಕೆಳಗೆ ತರಬೇಡ!"

ರತ್ನಿ ಬಂದಳು. ಕೂಸನ್ನು ಅವ್ವನ ಕೈಗೆ ಕೊಟ್ಟು ಕೆಂಚನ ಕಿವಿ ಮಡಚಿ ನೋಡಿದಳು, ಕಾಲ್ಬೆರಳ ಸಂದಿ ಬಿಡಿಸಿ ನೋಡಿದಳು. ಒಂದೂ ಇಲ್ಲ!

"ಇರಲಿ ಬಿಡವ್ವ, ಒಳಗೇ ಇರಲಿ. ಅಣ್ಣ ಎಲ್ಲಿ?"

ನಿಂಗಾಜಮ್ಮ ಕೂಸನ್ನು ರತ್ನಿಗೆ ಕೊಟ್ಟು ಮಾಳಿಗೆ ಹತ್ತಿ ನೋಡಿದರೆ ಗೋಣಿ, ಕಂಬಳಿ, ಅವುಗಳ ಪಕ್ಕ ಕೆಂಪಗೆ ಬೆಂದ ಚಿಕ್ಕೀರ, ಅಂಗಾತ!

"ಇದೇನೋ ಅವತಾರ!"

"ಕೆಂಚ ದಿನಾ ಮಲಗೋದು ನನ್ನ ಹೊಟ್ಟೆ ಮೇಲೆ ತಾನೇ? ಬಿಸಿನೀರಿಗೆ ಅದ್ದಿಕೊಂಡೆ. ಅವ್ವ, ಕೆಂಚನ್ನ ಬೀದಿಗೆ ಹಾಕ್ತಾರಾ?"

"ಇಲ್ಲಪ್ಪ, ಒಳಗೇ ಇರ್ತಾನೆ. ನೀನೂ ಒಳಗೆ ಬಾರೋ, ನನ್ನಪ್ಪ!"

"ಹೇಗೆ ಬರಲವ್ವ? ಒಂದು ಕಡೆ ಮಾತ್ರ ಒಣಗಿದೆ. ಸ್ವಲ್ಪ ಮಗುಚಿ ಹಾಕು!"