ಮೊಳೆಯಿಲ್ಲದ ಹಿಡಿಕೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ಕೊಂಡ ವಸ್ತು ಕೆಟ್ಟದ್ದಾಗಿ ಮೈಗೆ ಗಾಯವಾದರೆ ಜನ ಮಾರಿದವನ ಮೇಲೆ ದೂರು ಕೊಟ್ಟು ಪರಿಹಾರ ಕೇಳುತ್ತಾರೆ. ಗಾಯ ಹೇಗೂ ಮಾಯುತ್ತದೆ. ತಪ್ಪು ನನ್ನದೇ ಎಂದುಕೊಂಡು ಸುಮ್ಮನಿರುವುದು ವಿನಯವಲ್ಲವೇ? ನ್ಯಾಯಾಲಯದ ಮೆಟ್ಟಿಲು ಹತ್ತುವುದು ದುರಾಸೆಯಲ್ಲವೇ?”

ಗುರುಗಳು ಹೇಳಿದರು: “ವಿನಯವಂತೆ ಒಬ್ಬಳಿದ್ದಳು. ಅವಳ ಕತೆ ಕೇಳು.”

ಒಂದು ಊರಿನಲ್ಲಿ ಒಬ್ಬ ಸೊಸೆ. ಅವಳ ಮನೆಯಲ್ಲಿ ಏನು ಒಡೆದರೂ ತಪ್ಪು ಒಪ್ಪಿಕೊಳ್ಳುವವರು ಒಬ್ಬರು ಬೇಕಿತ್ತು. ಮಾವ ಒಪ್ಪುವವನಲ್ಲ. ಗಂಡ ಒಡೆದದ್ದನ್ನು ನೋಡುವವನೇ ಅಲ್ಲ. ಅತ್ತೆಗೆ ಒಪ್ಪುವ ವಯಸ್ಸು ದಾಟಿತ್ತು. ಉಳಿದವಳು ಸೊಸೆ. ಲೋಟ ಉರುಳಿದರೂ, ಹಾಲು ಉಕ್ಕಿದರೂ, ಹಗ್ಗ ಹರಿದು ಕೊಡ ಬಾವಿಯ ಪಾಲಾದರೂ ಅವಳು, “ನನ್ನ ಕೈ ಜಾರಿತು ಅತ್ತೆ,” ಎನ್ನುತ್ತಿದ್ದಳು. ತವರಿನಿಂದ ಹೊರಡುವಾಗ ತಾಯಿ ಸೀರೆಯ ಜೊತೆಗೆ ಕಟ್ಟಿ ಕಳಿಸಿದ ಮಾತು ಅದು. ಹಾಗೆಂದುಬಿಟ್ಟರೆ ಅರ್ಧ ಗಂಟೆ ಬೈಗುಳ, ಆಮೇಲೆ ಊಟ. ಹಾಗೆನ್ನದಿದ್ದರೆ ಮೂರು ದಿನ ಜಗಳ, ಊಟವೂ ಇಲ್ಲ.

ಅವಳಿಗೆ ಗಂಡುಮಗು ಹುಟ್ಟಿತು. ಮಗುವಿನ ಸ್ನಾನಕ್ಕೆಂದು ಅತ್ತೆ ತಾನೇ ಪೇಟೆಗೆ ಹೋಗಿ, ಪಾತ್ರೆಯ ವ್ಯಾಪಾರಿಯ ಹತ್ತಿರ ಹಿತ್ತಾಳೆಯ ಹೊಸ ತಪ್ಪಲೆಯೊಂದನ್ನು ಆರಿಸಿ ತಂದಳು. ಎರಡು ಕಡೆ ಹಿಡಿಕೆ, ಹೊಳೆಯುವ ಮೈ. ಎರಡು ಓಣಿಯ ಹೆಂಗಸರು ಬಂದು ನೋಡಿಹೋದರು.

ತಪ್ಪಲೆ ತಂದ ಒಂಬತ್ತನೆಯ ದಿನ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಎಣ್ಣೆ ಹಚ್ಚಿದ ಮಗು ಅವಳ ಕಾಲ ಮೇಲೆ ಮಲಗಿತ್ತು. ಸೊಸೆ ಒಲೆಯ ಮೇಲಿನಿಂದ ತಪ್ಪಲೆ ಇಳಿಸಿ ತಂದಳು. ಬಚ್ಚಲ ಹೊಸ್ತಿಲಲ್ಲಿ ಬಲಗೈಯ ಹಿಡಿಕೆ ಕಿತ್ತು ಬಂದಿತು. ತಪ್ಪಲೆ ಮಗುವಿನ ಕಡೆಗೆ ವಾಲಿತು. ಸೊಸೆ ಎಡಗೈಯಿಂದ ಅದನ್ನು ತನ್ನತ್ತ ಎಳೆದುಕೊಂಡಳು. ಕುದಿಯುವ ನೀರೆಲ್ಲ ಅವಳ ಪಾದಗಳ ಮೇಲೆ ಬಿತ್ತು.

ನೆರೆಯವರು ಓಡಿ ಬಂದರು. ಏನಾಯಿತು ಎಂದು ಕೇಳಿದರು. ನೋವಿನಲ್ಲಿ ಅವಳ ನಾಲಿಗೆಗೆ ರೂಢಿಯ ಮಾತು ಬಿಟ್ಟು ಬೇರೆ ತೋಚಲಿಲ್ಲ.

“ನನ್ನ ಕೈ ಜಾರಿತು,” ಎಂದಳು.

ಆ ದಿನದಿಂದ ಅತ್ತೆ ಮಗುವನ್ನು ಅವಳ ಕೈಗೆ ಕೊಡಲಿಲ್ಲ. “ಇವತ್ತು ತಪ್ಪಲೆ ಜಾರಿಸಿದವಳು ನಾಳೆ ಮಗುವನ್ನು ಜಾರಿಸುತ್ತಾಳೆ,” ಎಂದು ಓಣಿಗೆಲ್ಲ ಸಾರಿದಳು. ಸೊಸೆ ಹಾಲೂಡಿಸುವಾಗ ಅತ್ತೆ ಎದುರಿಗೆ ಕುಳಿತು, ಎರಡೂ ಕೈ ಮುಂದೆ ಚಾಚಿ, ಹಣ್ಣು ಉದುರುವುದನ್ನು ಕಾಯುವವಳಂತೆ ಕಾಯುತ್ತಿದ್ದಳು. ಹಾಲು ಮುಗಿದ ಕೂಡಲೇ ಮಗು ಅತ್ತೆಯ ಮಡಿಲಿಗೆ ಹೋಗುತ್ತಿತ್ತು. ಸ್ನಾನ, ತೊಟ್ಟಿಲು, ಲಾಲಿ ಎಲ್ಲ ಅತ್ತೆಯದೇ. ಗಂಡ ಇಬ್ಬರ ಮಾತನ್ನೂ ತಲೆಯಾಡಿಸಿ ಕೇಳಿ, ಕೈ ತೊಳೆದು ಹೊರಗೆ ಹೋಗುತ್ತಿದ್ದ.

ಮೂರು ತಿಂಗಳು ಹೀಗೆ ಕಳೆಯಿತು. ಪಾದದ ಗಾಯ ಮಾಯಿತು, ಚರ್ಮ ಸುಕ್ಕಾಯಿತು. ಸೊಸೆಗೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದಳು. ನಿಜವಾಗಿಯೂ ಜಾರಿತೇನೋ ಎಂದು ಅವಳಿಗೆ ಅನಿಸತೊಡಗಿತ್ತು.

ಒಂದು ದಿನ ಓಣಿಗೆ ಪಾತ್ರೆಗಳಿಗೆ ಕಲಾಯಿ ಹಾಕುವವನು ಬಂದ. ಅವಳು ಅಟ್ಟದಿಂದ ತಪ್ಪಲೆಯನ್ನೂ ಕಿತ್ತ ಹಿಡಿಕೆಯನ್ನೂ ತೆಗೆದು ಅವನ ಮುಂದಿಟ್ಟಳು.

ಅವನು ತಿರುಗಿಸಿ ನೋಡಿದ. ಒಳಗೆ ಬೆರಳಾಡಿಸಿದ. “ತಾಯಿ, ಹಿಡಿಕೆಗೆ ಮೊಳೆ ಹೊಡೆದರೆ ಅದರ ತುದಿ ಒಳಗೆ ಕೈಗೆ ಸಿಗಬೇಕು. ಇಲ್ಲಿ ಮೊಳೆಯೇ ಇಲ್ಲ. ಹೊರಗೆ ನೋಡುವವರಿಗಾಗಿ ಮೊಳೆಯ ತಲೆ ಅಂಟಿಸಿದ್ದಾರೆ. ಬರೀ ಬೆಸುಗೆ. ಬೆಂಕಿಗೆ ಅದು ಎಷ್ಟು ದಿನ ತಡೆಯುತ್ತದೆ?”

“ಒಂಬತ್ತು ದಿನ,” ಎಂದಳು ಸೊಸೆ.

ಅವಳು ಹೋಗಿ ಅತ್ತೆಗೆ ಹೇಳಿದಳು. ಅತ್ತೆ ನಂಬಲಿಲ್ಲ. “ನಾನು ಆರಿಸಿ ತಂದ ಪಾತ್ರೆಗೆ ಹೆಸರಿಡಲು ಕಲಾಯಿಯವನನ್ನು ಹಿಡಿದುಕೊಂಡು ಬಂದೆಯಾ?” ಎಂದಳು. ಸೊಸೆ ವ್ಯಾಪಾರಿಯ ಬಳಿ ಹೋದಳು. ಅವನು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆ, “ಹಿಡಿಯಲು ಬಾರದವರಿಗೆ ನಾನು ಪಾತ್ರೆಯ ಜೊತೆ ಕೈಯನ್ನೂ ಮಾರಬೇಕೇನಮ್ಮ?” ಎಂದ.

ಆಗ ಅವಳು ರಸೀದಿ ಹುಡುಕಿದಳು. ಆಸ್ಪತ್ರೆಯ ಚೀಟಿ ಹುಡುಕಿದಳು. ತಾನೇ ದೂರು ಬರೆದು ಗ್ರಾಹಕರ ನ್ಯಾಯಾಲಯಕ್ಕೆ ಕೊಟ್ಟಳು. ಸುಟ್ಟ ಪಾದಕ್ಕೆ ಪರಿಹಾರ ಬೇಕು ಎಂದು ಅದರಲ್ಲಿ ಬರೆದಿತ್ತು. ಮಗು ಬೇಕು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ವಿಚಾರಣೆಯ ದಿನ ಬಂದಿತು. ವ್ಯಾಪಾರಿ ಜಾಣ. ಅವನು ತನ್ನ ಸಾಕ್ಷಿಯಾಗಿ ಅವಳ ಅತ್ತೆಯನ್ನೇ ಕರೆತಂದಿದ್ದ. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

“ಸ್ವಾಮಿ, ಕೈ ಜಾರಿತೆಂದು ಈಕೆಯೇ ಹತ್ತು ಜನರ ಎದುರು ಹೇಳಿದ್ದಾಳೆ. ಬೇಕಾದರೆ ಮನೆಯ ಹಿರಿಯರನ್ನು ಕೇಳಿ,” ಎಂದ ವ್ಯಾಪಾರಿ.

“ಹೇಳಿದ್ದು ನಿಜವೇ?” ಎಂದು ನ್ಯಾಯಾಧೀಶರು ಕೇಳಿದರು.

“ನಿಜ,” ಎಂದಳು ಅತ್ತೆ.

ಸೊಸೆಯ ಬಾಯಿಯೇ ಅವಳ ಮೇಲೆ ಸಾಕ್ಷಿ ನುಡಿಯುತ್ತಿತ್ತು. ಆದರೂ ಎದ್ದು ನಿಂತಳು. “ಸ್ವಾಮಿ, ನಾನೂ ಒಂದು ಮಾತು ಕೇಳಬಹುದೇ?” ಎಂದಳು. ಅವರು ತಲೆಯಾಡಿಸಿದರು.

“ಅತ್ತೆ, ಬೆಕ್ಕು ಮೊಸರಿನ ಗಡಿಗೆ ಉರುಳಿಸಿದ ದಿನ ನಾನು ಏನೆಂದೆ?”

“ಕೈ ಜಾರಿತು ಎಂದೆ.”

“ಮಾವ ತಮ್ಮ ಕನ್ನಡಕದ ಮೇಲೆ ತಾವೇ ಕೂತ ದಿನ?”

“ಆಗಲೂ ಅದನ್ನೇ ಎಂದೆ.” ಕುಳಿತವರಲ್ಲಿ ಯಾರೋ ನಕ್ಕರು. ಅತ್ತೆ ನಗಲಿಲ್ಲ. ಯಾರೂ ಕೇಳದೆ ತಾನಾಗಿಯೇ ಹೇಳಿದಳು:

“ಸ್ವಾಮಿ, ನಾನೂ ನನ್ನ ಅತ್ತೆಗೆ ಅದನ್ನೇ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಹೇಳಿದೆ. ನನ್ನ ಕೈ ಜಾರಿದ್ದು ಎರಡೋ ಮೂರೋ ಸಲ.”

“ಆ ದಿನ ನೀವು ಕಣ್ಣಾರೆ ಕಂಡದ್ದೇನು?” ಎಂದು ನ್ಯಾಯಾಧೀಶರು ಕೇಳಿದರು.

“ಹಿಡಿಕೆ ಇವಳ ಬಲಗೈಯಲ್ಲೇ ಇತ್ತು. ಕೈ ಜಾರಿದ್ದರೆ ಹಿಡಿಕೆ ಕೈಯಲ್ಲಿ ಉಳಿಯುತ್ತದೆಯೇ? ತಪ್ಪಲೆ ನನ್ನ ಮೊಮ್ಮಗನ ಮೇಲೆ ಬರುತ್ತಿತ್ತು. ಇವಳು ತನ್ನ ಮೇಲೆ ಎಳೆದುಕೊಂಡಳು. ನಾನು ಕಂಡೆ.” ವ್ಯಾಪಾರಿಯ ಕಡೆ ಕೈ ತೋರಿಸಿದಳು. “ತಪ್ಪಲೆ ಆರಿಸಿದವಳು ನಾನು ಸ್ವಾಮಿ. ಒಳಗೆ ಎಷ್ಟು ನುಣುಪು, ತಿಕ್ಕುವುದು ಸುಲಭ ಎಂದು ಈ ಅಣ್ಣ ಹೊಗಳಿದ. ಮೊಳೆಯೇ ಹೊಡೆಯದಿದ್ದರೆ ನುಣುಪಾಗಿರದೆ ಇನ್ನೇನು? ಮೋಸ ಹೋದವಳು ನಾನು. ಬೈಸಿಕೊಂಡವಳು ಇವಳು.”

ನ್ಯಾಯಾಧೀಶರು ತಪ್ಪಲೆ ತರಿಸಿ ಒಳಗೆ ಕೈಯಾಡಿಸಿದರು. ಉಳಿದ ಇನ್ನೊಂದು ಹಿಡಿಕೆಯನ್ನು ಹಿಡಿದು ಎತ್ತಿದರು. ಅದೂ ಅವರ ಕೈಗೆ ಬಂದಿತು. ಅವರು ಅದನ್ನು ಮೇಜಿನ ಮೇಲಿಟ್ಟು, “ನನ್ನ ಕೈಯಂತೂ ಜಾರಲಿಲ್ಲ,” ಎಂದರು.

ತಪ್ಪು ಪಾತ್ರೆಯದು ಎಂದು ತೀರ್ಪಾಯಿತು. ಚಿಕಿತ್ಸೆಯ ಖರ್ಚನ್ನೂ ನೋವಿನ ಪರಿಹಾರವನ್ನೂ ವ್ಯಾಪಾರಿ ಕೊಡಬೇಕು. ಅಂಥ ತಪ್ಪಲೆ ಯಾವ ಯಾವ ಮನೆಗೆ ಹೋಗಿದೆಯೋ ಅಲ್ಲಿಂದೆಲ್ಲ ಅದನ್ನು ಮರಳಿ ತರಿಸಬೇಕು.

ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕುಳಿತರು. ಸೊಸೆ ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ದೂರದ ಊರಿನಿಂದ ಬಂದ ನೆಂಟರನ್ನು ನೋಡುವ ಹಾಗಿತ್ತು ಅದು.

ಮರುದಿನ ಬೆಳಿಗ್ಗೆ ಅತ್ತೆ ನೀರು ಕಾಯಿಸಿ, ಬಚ್ಚಲಿನಿಂದ ಕೂಗಿದಳು: “ಬಾರೇ ಇಲ್ಲಿ. ಕಾಲು ಚಾಚಿ ಕೂತುಕೋ. ನನಗೆ ಸೊಂಟ ನೋವು.”

ಅವಳಿಗೆ ಸೊಂಟ ನೋವಿರಲಿಲ್ಲ. ಸೊಸೆಗೆ ಅದು ಗೊತ್ತಿತ್ತು. ಅವಳು ಸೀರೆ ಮೇಲೆತ್ತಿ, ಸುಕ್ಕುಗಟ್ಟಿದ ಪಾದಗಳನ್ನು ಮುಂದಕ್ಕೆ ಚಾಚಿ ಕುಳಿತಳು. ಅತ್ತೆ ಮಗುವನ್ನು ಅವಳ ಕಾಲ ಮೇಲೆ ಮಲಗಿಸಿದಳು. ಮಗು ಅಷ್ಟರಲ್ಲಿ ಬೆಳೆದಿತ್ತು, ಎಣ್ಣೆಯ ಮೈ, ಮೀನಿನಂತೆ ಹೊರಳುತ್ತಿತ್ತು. ಅವಳು ಅದನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹೊಯ್ದಳು. ಅತ್ತೆ ಎದುರಿಗೆ ಕೈ ಚಾಚಿ ಕೂರಲಿಲ್ಲ. ಒಳಗೆ ಹೋಗಿ ಸಾರಿಗೆ ಬೇಳೆ ಇಟ್ಟಳು.

ಆ ತಿಂಗಳ ಕೊನೆಯ ಹೊತ್ತಿಗೆ ವ್ಯಾಪಾರಿಯ ಅಂಗಡಿಗೆ ಮೂವತ್ತೊಂದು ತಪ್ಪಲೆಗಳು ಮರಳಿ ಬಂದವು. ಒಂದಕ್ಕೂ ಮೊಳೆಯಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಸಮಾಧಾನ ಕಂಡಿತು.

“ಮಗು ತಾಯಿಯ ಕೈ ಸೇರಿತಲ್ಲ, ಅಷ್ಟು ಸಾಕು ಗುರುಗಳೇ,” ಎಂದ. “ಆದರೂ ಅವಳ ಮೊದಲಿನ ವಿನಯವೇ ನನಗೆ ದೊಡ್ಡದಾಗಿ ಕಾಣುತ್ತದೆ. ಯಾರನ್ನೂ ದೂರದೆ ಮೂರು ತಿಂಗಳು ಎಲ್ಲವನ್ನೂ ನುಂಗಿಕೊಂಡಿದ್ದಳು.”

ಗುರುಗಳು ಹೇಳಿದರು: “ಮರಳಿ ಬಂದ ಮೂವತ್ತೊಂದರಲ್ಲಿ ಇಪ್ಪತ್ತು ತಪ್ಪಲೆ ಮಾರಾಟವಾದದ್ದು ಆ ಮೂರು ತಿಂಗಳಲ್ಲೇ.”